ಒಂದು ಕಡೆಗೆ ವಾಲುವ ಬ್ಯಾಗು

ಮತ್ತೆ ಎಡಕ್ಕೇ ವಾಲಿತು, ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಸರಪಳಿಯ ಹಿಡಿಯನ್ನು ಒಪ್ಪವಾಗಿ ಮಡಚಿಟ್ಟು ಕೈ ತೆಗೆದದ್ದೇ ತಡ, ಬಸ್ಸು ಹಂಪಿನ ಮೇಲೆ ಎದ್ದು ಕೂತಿತು, ಬ್ಯಾಗು ಎಡಕ್ಕೆ ಒರಗಿತು, ತೂಕಡಿಸುವ ಮಗುವಿನ ಹಾಗೆ, ಎಲ್ಲಿ ತಪ್ಪಿದ್ದು, ತಳಕ್ಕೆ ತೂರಿಸಿದ ಪ್ಲಾಸ್ಟಿಕ್ ಹಾಳೆ ಮೂಲೆಯಲ್ಲಿ ಮಡಚಿಕೊಂಡಿತೇ, ಸ್ಪಂಜು ಒಂದು ಕಡೆ ದಪ್ಪವಾಯಿತೇ, ಒಂದೇ ಕಾಗದದ ಅಳತೆ ಇಟ್ಟು ತಾನೆ ಎರಡೂ ಮೈ ಕತ್ತರಿಸಿದ್ದು, ನಿನ್ನೆ ಹೊಲಿಗೆ ಮುಗಿದ ಕೂಡಲೇ ಮೊಳೆಗೆ ತೂಗುಹಾಕಿದ್ದರಿಂದ ಗೊತ್ತಾಗಲಿಲ್ಲ, ಒಂದು ಸಲ ಕೂರಿಸಿ ನೋಡಬೇಕಿತ್ತು — ಥೂ, ಇವತ್ತೂ ನಿನಗೆ ಬ್ಯಾಗಿನ ಚಿಂತೆಯೇ, ಎಂದು ಪಲ್ಲವಿ ತನ್ನನ್ನೇ ಬೈದುಕೊಂಡಳು, ಪಕ್ಕದ ಕಿಟಕಿ ಸೀಟಿನಲ್ಲಿ ಅತ್ತೆ ಭದ್ರಮ್ಮ ಬೆಳಗಿನಿಂದ ತೊಟ್ಟು ನೀರು ಬಾಯಿಗೆ ಬಿಡದೆ ಕೂತಿದ್ದಾರೆ, ತುಮಕೂರು ಬಸ್‌ಸ್ಟ್ಯಾಂಡು ಬಿಟ್ಟು ಗುಬ್ಬಿ ರಸ್ತೆಗೆ ಬಿದ್ದರೂ ಒಂದು ಮಾತಿಲ್ಲ, ಬಸ್ಸು ಹತ್ತಿದರೆ ಸಾಕು ಹಿಂದಿನ ಸೀಟಿನವರ ಊರು, ಮನೆತನ, ಅವರ ಸೊಸೆ ಯಾವ ಕಡೆಯವಳು ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡೇ ಇಳಿಯುವ ಭದ್ರಮ್ಮ ಈಗ ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡು ಕಿಟಕಿಯ ಸರಳಿಗೆ ಹಣೆ ಕೊಟ್ಟಿದ್ದಾರೆ, ಗಾಳಿಗೆ ಸೆರಗು ಸರಿದಾಗೆಲ್ಲ ಕಾಣುತ್ತದೆ ಆ ಗೆರೆ, ಬರಿ ಕೊರಳಿನ ಸುತ್ತ, ಲಿಂಗ ಕಟ್ಟಿದ ಶಿವದಾರ ಇದ್ದ ಜಾಗದಲ್ಲಿ, ಎಷ್ಟೋ ವರ್ಷ ಬಿಸಿಲನ್ನೇ ಕಾಣದ ಒಂದು ಬಿಳಿ ಗೆರೆ, ಪಲ್ಲವಿ ಮುಖ ತಿರುಗಿಸಿ ಡ್ರೈವರನ ಬೆನ್ನು ನೋಡುತ್ತಾಳೆ, ಡ್ರೈವರನ ಬೆನ್ನಿನ ಮೇಲೂ ಅದೇ ಗೆರೆ ಬಂದು ಕೂರುತ್ತದೆ.

ಚಿಕ್ಕ ಹುಡುಗಿಯಾಗಿದ್ದಾಗ ಗುಬ್ಬಿಯ ಮಠದಲ್ಲಿ ಆಗಿನ ಅಯ್ಯನವರು ದೀಕ್ಷೆ ಕೊಟ್ಟು ಕಟ್ಟಿದ ಲಿಂಗ ಅದು, ಮದುವೆಯಲ್ಲಿ, ಹೆರಿಗೆಯಲ್ಲಿ, ಮಾವನವರು ತೀರಿಕೊಂಡ ದಿನ, ಎಂದೂ ಮೈ ಬಿಟ್ಟು ಇಳಿದದ್ದಲ್ಲ, ಕಣ್ಣಿನ ಆಪರೇಷನ್ ದಿನ ಕೂಡ ನರ್ಸಿನ ಜೊತೆ ವಾದ ಮಾಡಿ ಮುಂಗೈಗೆ ಕಟ್ಟಿಸಿಕೊಂಡಿದ್ದರು, ಅದನ್ನ ಬಿಟ್ಟು ನಾನು ಒಳಕ್ಕೆ ಬರಲ್ಲ ಕಣಮ್ಮ, ಬೇಕಾದ್ರೆ ಕಣ್ಣು ಹಾಗೇ ಇರ್ಲಿ ಬುಡು, ಲಿಂಗವಿಡುವ ಬೆಳ್ಳಿ ಕರಡಿಗೆ ಕತ್ತಿಗೆ ಭಾರವಾಗುತ್ತದೆ ಎಂದು ಈಚೆಗೆ ಬಿಳಿ ಬಟ್ಟೆಯ ಪುಟ್ಟ ಗಂಟು ಮಾಡಿ ಅದರಲ್ಲಿ ಲಿಂಗವನ್ನಿಟ್ಟು ದಾರದಲ್ಲಿ ಕಟ್ಟಿಕೊಳ್ಳುತ್ತಿದ್ದರು, ದಾರ ಸವೆದಿದೆ, ಹುಣ್ಣಿಮೆಗೆ ಗುಬ್ಬಿಗೆ ಹೋದಾಗ ಬದಲಾಯಿಸಬೇಕು ಎನ್ನುತ್ತ ಎರಡು ಹುಣ್ಣಿಮೆ ಕಳೆದಿತ್ತು, ಇವತ್ತು ಬೆಳಿಗ್ಗೆ ಬಚ್ಚಲುಮನೆಯಿಂದ ಪಲ್ಲವೀ ಎಂಬ ದನಿ ಬಂತು, ಕೂಗಲ್ಲ, ಕೂಗಾಗಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ, ಓಡಿ ಹೋದರೆ ಒದ್ದೆ ಸೀರೆಯಲ್ಲಿ ನಿಂತು ಕೊರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ, ಲಿಂಗಪ್ಪ ಇಲ್ಲ ಕಣೇ, ರಾತ್ರಿಯೆಲ್ಲ ಇತ್ತು ಅಂತ್ಲೇ ಅನ್ಕೊಂಡಿದ್ನಲ್ಲೇ, ಕೈ ಹಾಕಿ ನೋಡ್ಕೊಳ್ಲೇ ಇಲ್ವಲ್ಲೇ, ಆಮೇಲೆ ತುಮಕೂರಿನ ಉಪ್ಪಾರಹಳ್ಳಿಯ ಆ ಸಣ್ಣ ಮನೆಯಲ್ಲಿ ಹುಡುಕದ ಜಾಗವಿಲ್ಲ, ಹಾಸಿಗೆ ಕೊಡವಿದ್ದಾಯಿತು, ಅಕ್ಕಿ ಡಬ್ಬ ಮಗುಚಿದ್ದಾಯಿತು, ಕಸದ ಬುಟ್ಟಿಯನ್ನು ಪೇಪರಿನ ಮೇಲೆ ಸುರಿದು ಸೊಪ್ಪಿನ ದಂಟು ಒಂದೊಂದನ್ನೂ ಬಿಡಿಸಿ ನೋಡಿದ್ದಾಯಿತು, ಗಂಡ ಷಡಕ್ಷರಿ ಡ್ಯೂಟಿಗೆ ಹಾಕಿಕೊಂಡ ಅಂಗಿ ಬಿಚ್ಚಿ ಬಚ್ಚಲ ಮೋರಿಯ ಜಾಲರಿ ಕಿತ್ತು ಭುಜದವರೆಗೂ ಕೈ ಇಳಿಬಿಟ್ಟ, ಬಂದದ್ದು ಕೂದಲಿನ ಉಂಡೆ, ಒಂದು ಹಳೇ ಹಲ್ಲುಜ್ಜುವ ಬ್ರಷ್ಷು, ಮೊಳೆಯ ಮೇಲಿದ್ದ ಹೊಸ ಬ್ಯಾಗನ್ನು ಕೂಡ ಪಲ್ಲವಿ ಬಾಯಿ ತೆರೆದು ತಲೆಕೆಳಗು ಮಾಡಿ ಒದರಿದ್ದಳು, ಅದರಿಂದ ಬಿದ್ದದ್ದು ಒಂದು ತುಂಡು ನೂಲು.

ಹೋಗಲಿ ಮಠಕ್ಕೆ ಫೋನು ಮಾಡೋಣ ಎಂದದ್ದು ಷಡಕ್ಷರಿಯೇ, ಅಯ್ಯನವರು ಒಳ್ಳೆಯವರು, ಒಂದು ಬಿರುಸು ಮಾತಾಡಲಿಲ್ಲ, ಅಜ್ಜಿನ ಕರ್ಕೊಂಡು ಬನ್ನಿ ತಾಯಿ, ಕ್ರಮ ಇದೆ ಅದಕ್ಕೆ, ಬೇರೆ ಲಿಂಗ ಕೊಡೋಣ, ಸ್ಪೀಕರಿನಲ್ಲಿ ಆ ಬೇರೆ ಎಂಬ ಮಾತು ಬಂದದ್ದೇ ಭದ್ರಮ್ಮ ಗೋಡೆಯ ಕಡೆ ತಿರುಗಿಬಿಟ್ಟರು, ಬೇರೆ ಲಿಂಗ ಬಂದರೆ ಪೂಜೆಗೆ ಬಂದೀತು, ಪೂಜೆಯಾದರೆ ಊಟವೂ ಆದೀತು, ಆದರೆ ಅವರ ಆಸೆ ಅದಲ್ಲ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಹಬ್ಬದ ದಿನ ಒಬ್ಬಟ್ಟು ತಟ್ಟುವಾಗಲೂ ಹೇಳುತ್ತಿದ್ದರು, ಸತ್ಮೇಲೆ ನನ್ನ ಮಣ್ಣಿಗೆ ಕೂರಿಸ್ತೀರಲ್ಲ, ಆವಾಗ ಎಡಗೈಯಲ್ಲಿ ಇದೇ ಲಿಂಗಪ್ಪ ಇರ್ಬೇಕು ಕಣ್ರೋ, ಇವನ ಜೊತೆ ಬಂದಿದೀನಿ, ಇವನ ಜೊತೇನೇ ಹೋಗ್ತೀನಿ, ಪಲ್ಲವಿ ಆಗೆಲ್ಲ ರೇಗಿಸುತ್ತಿದ್ದಳು, ಮೊದ್ಲು ಒಬ್ಬಟ್ಟು ತಿಂದು ಹೋಗಿ ಅತ್ತೆ, ಈಗ ಆ ತಮಾಷೆ ನೆನಪಾಗಿ ತಲೆಯೆತ್ತಿದರೆ ಎದುರಿಗೆ ಕಂಡಕ್ಟರಮ್ಮ ಬಂದು ನಿಂತಿದ್ದಾಳೆ, ಆಧಾರ್ ತೋರ್ಸಿ, ಎಲ್ಗೆ, ಗುಬ್ಬಿ ಎರಡು, ಇರಿ ತೆಗೀತೀನಿ ಮೇಡಂ, ಪಲ್ಲವಿ ಬ್ಯಾಗಿನ ಬಾಯಿ ತೆರೆದಳು, ಆಯಸ್ಕಾಂತದ ಗುಂಡಿ ಟಪ್ಪೆಂದು ಬಿಟ್ಟಿತು, ಆ ಸದ್ದು ಬರಲೆಂದೇ ಮಂಡಿಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದು ಆ ಗುಂಡಿ ತಂದಿದ್ದಳು, ನಿನ್ನೆ ಆ ಸದ್ದಿಗೆ ಎಷ್ಟು ಹಿಗ್ಗಿದ್ದಳು, ಇವತ್ತು ಅದು ಇಡೀ ಬಸ್ಸಿಗೆ ಕೇಳಿಸಿತೇನೋ ಎಂದು ನಾಚಿಕೆಯಾಯಿತು, ಇಂಥ ದಿನ ಹೊಸ ಬ್ಯಾಗು ಯಾಕೆ ತಂದೆ, ಹಳೆಯದರ ಜಿಪ್ಪು ಕಿತ್ತಿತ್ತು ನಿಜ, ಆದರೆ ಬಟ್ಟೆ ಚೀಲ ಇರಲಿಲ್ಲವೇ, ಕೈ ತಾನಾಗಿ ಮೊಳೆಯ ಕಡೆ ಹೋಯಿತು, ಆಸೆಬುರುಕ ಕೈ.

ಆ ಆಸೆ ಹುಟ್ಟಿದ್ದು ಕುಣಿಗಲ್ಲಿನಲ್ಲಿ, ತವರಿನಲ್ಲಿ, ಚಿಕ್ಕಪ್ಪನ ಮಗಳು ದೀಪಿಕಾ ಹೊಸ ಬ್ಯಾಗನ್ನು ನಡುಮನೆಯ ದಿಂಬಿನ ಮೇಲೆ ಕೂರಿಸಿದ್ದಳು, ನೆಲದ ಮೇಲಲ್ಲ, ದಿಂಬಿನ ಮೇಲೆ, ಕರೀ ಚರ್ಮ, ಮೈಯೆಲ್ಲ ಓರೆ ಓರೆ ಹೊಲಿಗೆ ಹಾಕಿ ಚೌಕ ಚೌಕವಾಗಿ ಉಬ್ಬಿಸಿದ್ದು, ಚಿನ್ನದ ಬಣ್ಣದ ಸರಪಳಿ, ಎದೆಯ ಮೇಲೆ ಕಂಪನಿಯ ಹೆಸರಿನ ಅಕ್ಷರ ಹೊಳೆಯುತ್ತಿತ್ತು, ಪಲ್ಲವಿ ಒಂದು ಚೌಕವನ್ನು ಬೆರಳಲ್ಲಿ ಒತ್ತಿದ್ದೇ ದೀಪಿಕಾ, ಹುಷಾರು ಕಣೇ, ಉಗುರು ತಾಗಿದ್ರೆ ಗೆರೆ ಬೀಳುತ್ತೆ, ಎಲ್ಲರ ಮುಂದೆ, ನಗುನಗುತ್ತಲೇ, ಪಲ್ಲವಿಯೂ ನಕ್ಕಳು, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ, ಹೆಬ್ಬೂರು ದಾಟಿ, ಗೂಳೂರು ದಾಟಿ ಮನಸ್ಸಿನಲ್ಲೇ ಆ ಬ್ಯಾಗನ್ನು ಬಿಚ್ಚುತ್ತ ಬಂದಳು, ಎಷ್ಟು ತುಂಡು, ಯಾವ ತುಂಡು ಮೊದಲು, ಎಲ್ಲಿ ಮಗುಚಿದ್ದು, ಹೊಲಿಗೆ ಎಲ್ಲಿ ಬಚ್ಚಿಟ್ಟುಕೊಂಡಿದೆ, ಮನೆಗೆ ಬಂದು ಗಂಡನ ಮುಂದೆ ಹೇಳಿದಳು, ನಾನೇ ಹೊಲೀತೀನಿ ರೀ, ದೀಪಿಕಾನ ನಿಶ್ಚಿತಾರ್ಥಕ್ಕೆ ಅದೇ ಹಾಕ್ಕೊಂಡು ಹೋಗ್ತೀನಿ, ಷಡಕ್ಷರಿ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕಾರಿನ ಸೀಟು ಹೊಲಿಯುವ ಕಡೆ ಸೂಪರ್‌ವೈಸರು, ಕೇಳಿ ಪರ್ಮಿಷನ್ ತೆಗೆದುಕೊಂಡು ಮಿಕ್ಕ ರೆಕ್ಸಿನ್ನು, ತೆಳು ಸ್ಪಂಜು ತಂದುಕೊಟ್ಟ, ಭದ್ರಮ್ಮ ಬಾಗಿಲಲ್ಲೇ ತಡೆದರು, ಚರ್ಮದ್ದೇನ್ಲಾ, ಚರ್ಮ ಆದ್ರೆ ದೇವರ ಮನೆ ಇರೋ ಕಡೆ ಬೇಡ, ಅಲ್ಲ ಕಣಮ್ಮ ರೆಕ್ಸಿನ್ನು, ಮೂಸಿ ನೋಡು ಬೇಕಾದ್ರೆ, ಭದ್ರಮ್ಮ ನಿಜವಾಗಿಯೂ ಮೂಸಿ ನೋಡಿದರು, ಟೈರು ಟೈರು ನಾರುತ್ತೆ, ಸರಿ, ಹೊಲ್ಕೊ ಹೋಗು.

ಮೊದಲು ಗೊಣಗಿದ್ದೇ ಗೊಣಗಿದ್ದು, ಚೀಲಕ್ಕೆ ಹಾಸಿಗೆ ಹೊಲಿಯೋರ್ನ ನಾನು ಇಲ್ಲೇ ನೋಡಿದ್ದು, ಆಮೇಲೆ ಮೆಲ್ಲಗೆ ಚಾಪೆ ಎಳೆದುಕೊಂಡು ಮಿಷಿನ್ನಿನ ಪಕ್ಕಕ್ಕೇ ಬಂದು ಕೂತರು, ರೆಕ್ಸಿನ್ನು ಮಿಷಿನ್ನಿನ ಪಾದಕ್ಕೆ ಅಂಟಿಕೊಂಡು ಮುಂದೆ ಹೋಗುತ್ತಿರಲಿಲ್ಲ, ಪಲ್ಲವಿ ಪೌಡರು ಉದುರಿಸುತ್ತಿದ್ದರೆ, ವಿಭೂತಿ ಹಾಕೇ, ಅದಕ್ಕೂ ಒಳ್ಳೇ ಬುದ್ಧಿ ಬರ್ಲಿ, ಇಬ್ಬರೂ ನಕ್ಕಿದ್ದರು, ಒಳಗಡೆಯ ಲೈನಿಂಗಿಗೆ ಏನು ಹಾಕುವುದು ಎಂದು ತಡಕಾಡುತ್ತಿದ್ದಾಗ ಟ್ರಂಕಿನಿಂದ ತಮ್ಮ ಹಳೇ ಚುಕ್ಕಿ ಸೀರೆ ತೆಗೆದುಕೊಟ್ಟವರೂ ಅವರೇ, ಮಾವ ಕೊಡಿಸಿದ್ದ ಸೀರೆ, ಒಗೆದು ಒಗೆದು ಮೆತ್ತಗಾಗಿದ್ದು, ಒಳಗೆ ತಾನೆ ಹಾಕೋದು, ಯಾರಿಗೆ ಕಾಣುತ್ತೆ, ಅಂದರೂ ಕತ್ತರಿ ಆಡಿದಾಗ ಒಂದು ಸಲ ಕಣ್ಣು ಮುಚ್ಚಿಕೊಂಡರು, ಕಂಪನಿ ಹೆಸರು ಇದ್ದ ಜಾಗದಲ್ಲಿ ಏನಿಡಲಿ ಅತ್ತೆ, ಸುಳ್ಳು ಹೆಸರು ಹಾಕ್ಕೊಳಕ್ಕೆ ನಂಗೆ ಮನಸ್ಸಿಲ್ಲ, ಅಂದದ್ದಕ್ಕೆ, ಒಂದು ಕುಚ್ಚು ಹಾಕು ಚೆಂದಾಗಿ, ಅಂದು ನೂಲಿನ ಉಂಡೆ ತರಿಸಿ, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ತೊಡೆಯ ಮೇಲೆ ಬಿಳಿ ಹತ್ತಿ ನೂಲು ಹೊಸೆದು ತೋರಿಸಿಕೊಟ್ಟರು, ಪ್ರಾಯದಲ್ಲಿ ಮಠಕ್ಕೆಂದು ಎಷ್ಟೋ ಶಿವದಾರ ಹೊಸೆದ ಕೈ ಅದು, ಹಾಗಲ್ಲ ಕಣೇ, ಎಳೆ ಸಡಿಲ ಬುಡಬೇಡ, ಮುಂದಕ್ಕೆ ಒತ್ತು, ಹಿಂದಕ್ಕೆ ಬಾ, ಪಲ್ಲವಿ ಹೊಸೆದ ಉದ್ದದ ದಾರವನ್ನು ಸುತ್ತಿ ಸುತ್ತಿ ಗಂಟು ಹಾಕಿದ ಕುಚ್ಚು ಈಗ ಬ್ಯಾಗಿನ ಎದೆಯ ಮೇಲೆ ಬಸ್ಸಿನ ಕುಲುಕಿಗೆ ಆಡುತ್ತಿದೆ, ಎರಡು ವಾರ ಮನೆಯಲ್ಲಿ ಹಬ್ಬದ ಹಾಗಿತ್ತು, ಅತ್ತೆ ಸೊಸೆ ಒಂದು ಬ್ಯಾಗಿಗೆ ಹೀಗೆ ಅಂಟಿಕೊಂಡದ್ದು ಕಂಡು ಷಡಕ್ಷರಿ, ನಂಗೂ ಒಂದು ಲೋಟ ಕಾಫಿ ಯಾರಾದ್ರೂ ಕೊಡ್ತೀರಾ, ಎಂದು ಕೇಳಿಕೊಂಡು ತಿರುಗುತ್ತಿದ್ದ, ಇನ್ನು ಆ ಸುಖ ಎಲ್ಲಿ ಬಂತು, ಇನ್ನು ಈ ಬ್ಯಾಗು ನೋಡಿದಾಗೆಲ್ಲ ಆ ಬರಿ ಕೊರಳು, ಆ ಗೆರೆ.

ಬೇಗ ತೋರ್ಸಮ್ಮ, ಕಂಡಕ್ಟರಮ್ಮ ಕಾಯುತ್ತಿದ್ದಾಳೆ, ಇಬ್ಬರ ಕಾರ್ಡೂ ಒಳಜೇಬಿನಿಂದ ಜಾರಿ ತಳಕ್ಕೆ ಹೋಗಿದೆ, ಪಲ್ಲವಿ ಕೈ ಇಳಿಸಿ ಎಡಮೂಲೆಯಲ್ಲಿ ತಡಕಿದಳು, ಕಾರ್ಡು ಸಿಕ್ಕಿತು, ಅದರ ಜೊತೆಗೆ ಬೆರಳಿನ ಗೆಣ್ಣಿಗೆ ಏನೋ ಗಟ್ಟಿಯಾಗಿ ತಾಗಿತು, ಲೈನಿಂಗಿನ ಆಚೆ, ಚುಕ್ಕಿ ಸೀರೆಯ ಕೆಳಗೆ, ಕಾರ್ಡು ತೋರಿಸಿದಳು, ಚೀಟಿ ಬಂತು, ಕಂಡಕ್ಟರಮ್ಮ ಮುಂದಕ್ಕೆ ಹೋದಳು, ಕೈ ಮತ್ತೆ ಮೂಲೆಗೆ ಹೋಯಿತು, ಆಯಸ್ಕಾಂತವೇ, ಅದು ಬಾಯಿಯ ಹತ್ತಿರ ಇರುವುದು, ತಳದ ಹಾಳೆಯ ಮಡಿಕೆಯೇ, ಹಾಳೆ ಇಷ್ಟು ದಪ್ಪವಿಲ್ಲ, ದುಂಡಗಿದೆ, ಒತ್ತಿದರೆ ಸ್ಪಂಜಿನೊಳಗೆ ಹೂತುಕೊಳ್ಳುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ, ಅದಕ್ಕೇ ವಾಲುತ್ತಿತ್ತು, ಅದಕ್ಕೇ — ನಿನ್ನೆ ಸಂಜೆ, ಅತ್ತೆಯ ಸಂಜೆಯ ಪೂಜೆ ಮುಗಿದ ಮೇಲೆ, ಬ್ಯಾಗನ್ನು ಒಳಮೈ ಹೊರಗಾಗಿ ಹೊಲಿದು ಲೈನಿಂಗಿನ ತಳದಲ್ಲಿ ನಾಲ್ಕು ಬೆರಳಗಲ ಹೊಲಿಯದೆ ಬಿಟ್ಟಿದ್ದ ಸಂದಿನಿಂದ ಇಡೀ ಬ್ಯಾಗನ್ನು ಹೊರಕ್ಕೆಳೆದು ಮಗುಚಿದ್ದಳು, ಅದೇ ಸಂದಿನಿಂದ ತಳದ ಹಾಳೆ ತೂರಿಸಬೇಕು, ಮೂರನೇ ಕೈ ಬೇಕಿತ್ತು, ಅತ್ತೆ ಒಂಚೂರು ಹಿಡ್ಕೊಳ್ಳಿ, ಭದ್ರಮ್ಮ ಬ್ಯಾಗನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಸಂದು ಅಗಲಿಸಿ, ಕಣ್ಣು ಕಾಣದೆ ಬಗ್ಗಿ ಬಗ್ಗಿ, ಮೂಗು ಒಳಗೇ ಹೋಗುವಷ್ಟು ಬಗ್ಗಿ, ಹಾಳೆ ಎಲ್ಲೋ ಸಿಕ್ಕಿಕೊಂಡಾಗ ಪಲ್ಲವಿ ರೇಗಿದ್ದಳು, ಅಲ್ಲಾಡ್ಬೇಡಿ ಅತ್ತೆ, ಅವರು ಉಸಿರು ಬಿಗಿಹಿಡಿದು ಕಲ್ಲಿನ ಹಾಗೆ ಕೂತರು, ಸವೆದ ದಾರ, ಬಟ್ಟೆಯ ಗಂಟು, ಬಿದ್ದರೂ ಸದ್ದಿಲ್ಲ, ಸ್ಪಂಜಿನ ಮೇಲೆ ಬಿದ್ದರೆ ಇನ್ನೆಲ್ಲಿಯ ಸದ್ದು, ಆಮೇಲೆ ಅವಳು ಸೂಜಿ ತೆಗೆದುಕೊಂಡು ಆ ಸಂದನ್ನು ಎಷ್ಟು ಚೆಂದ ಮುಚ್ಚಿದಳು ಎಂದರೆ, ಅತ್ತೆ ಎಲ್ಲಿ ಹೊಲಿದಿದೀನಿ ಹುಡುಕಿ ನೋಡೋಣ, ಅತ್ತೆ ಬೆರಳಾಡಿಸಿ ಸೋತಿದ್ದರು.

ಹೇಳಬಾರದು, ಈಗಲೇ ಹೇಳಬಾರದು, ಅಲ್ಲದೆ ಹೋದರೆ, ಬರೀ ರೆಕ್ಸಿನ್ನಿನ ಸುರುಳಿಯೋ ಸ್ಪಂಜಿನ ಗಂಟೋ ಆದರೆ, ಒಂದು ಸಲ ಸೋತ ಆ ಮುಖವನ್ನು ಇನ್ನೊಂದು ಸಲ ನೋಡಲು ತನ್ನಿಂದಾಗದು, ಸೀರೆಯ ನೆರಿಗೆಗೆ ಹಾಕಿದ್ದ ಪಿನ್ನನ್ನು ಕಿತ್ತಳು, ನೆರಿಗೆ ಬಿಟ್ಟುಕೊಂಡರೆ ಬಿಟ್ಟುಕೊಳ್ಳಲಿ, ಬ್ಯಾಗಿನ ಬಾಯಿಯಿಂದ ಲೈನಿಂಗನ್ನು ಹೊರಕ್ಕೆಳೆದಳು, ತನ್ನದೇ ಹೊಲಿಗೆ ತನಗೇ ಸಿಗುತ್ತಿಲ್ಲ, ಹೆಗ್ಗೆರೆ ಸ್ಟಾಪು ಬಂತು, ಯಾರೋ ಇಳಿದರು, ಯಾರೋ ಹತ್ತಿದರು, ಚುಕ್ಕಿಯ ಪಕ್ಕ ಚುಕ್ಕಿ, ಎಲ್ಲ ಚುಕ್ಕಿಯೂ ಹೊಲಿಗೆಯ ಹಾಗೇ ಕಾಣುತ್ತದೆ, ಪಿನ್ನು ಉಗುರಿನ ಬುಡಕ್ಕೆ ಚುಚ್ಚಿತು, ಚುಚ್ಚಲಿ, ಸಿಕ್ಕಿತು ಒಂದು ಎಳೆ, ಎತ್ತಿ ಎಳೆದಳು, ಅಷ್ಟು ಬಿಗಿ ಹಾಕುವ ಅವಸರ ಏನಿತ್ತು ನಿನಗೆ, ಇನ್ನೊಂದು ಎಳೆ, ಹಲ್ಲಿನಲ್ಲಿ ಕಚ್ಚಿ ಕಿತ್ತಳು, ಹಿಂದಿನ ಸೀಟಿನ ಹೆಂಗಸು ಕತ್ತು ಚಾಚಿ ನೋಡುತ್ತಿದ್ದಾಳೆ, ಹೊಸಾ ಬ್ಯಾಗು ಯಾಕ್ ಕಣಮ್ಮ ಹರೀತಿದೀಯ, ಭದ್ರಮ್ಮ ತಿರುಗಲಿಲ್ಲ, ಗಾಳಿಗೆ ಸೆರಗು ಮತ್ತೆ ಜಾರಿದೆ, ಮತ್ತೆ ಆ ಗೆರೆ, ಎರಡು ಬೆರಳು ಹೋಗುವಷ್ಟು ಬಾಯಿ ಬಿಟ್ಟಿತು ಸಂದು, ಪಲ್ಲವಿ ಬೆರಳು ಇಳಿಬಿಟ್ಟಳು, ಸ್ಪಂಜು, ಸ್ಪಂಜು, ಹಾಳೆಯ ಚೂಪು ಅಂಚು, ಆಮೇಲೆ ದಾರ, ಸವೆದು ನೂಲು ನೂಲಾದ ದಾರ, ಅದರ ತುದಿಗೆ ಮೆತ್ತಗಿನ ಬಟ್ಟೆಯ ಗಂಟು, ಗಂಟಿನೊಳಗೆ ಆ ದುಂಡು, ಅಪ್ಪಾ, ಅಪ್ಪಾ ಎಂದಳು, ಅದು ಬಾಯಿಂದ ಬಂತೋ ಒಳಗೇ ಅಂದುಕೊಂಡಳೋ ತಿಳಿಯಲಿಲ್ಲ, ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಅಕ್ಕಿಮೂಟೆಯನ್ನು ಯಾರೋ ಎತ್ತಿ ಕೆಳಗಿಟ್ಟ ಹಾಗಾಯಿತು.

ಅತ್ತೆಯ ತೋಳು ಮುಟ್ಟಿದಳು, ಅತ್ತೆ, ಇಲ್ಲಿ ನೋಡಿ, ಭದ್ರಮ್ಮ ತಿರುಗಿ ಮೊದಲು ಸೊಸೆಯ ಮುಖ ನೋಡಿದರು, ಆಮೇಲೆ ಅಂಗೈ ನೋಡಿದರು, ಎರಡೂ ಕೈಯನ್ನು ಬೊಗಸೆ ಮಾಡಿ ಒಡ್ಡಿದರು, ಪಲ್ಲವಿ ಅದರಲ್ಲಿ ಇಟ್ಟಳು, ಬಟ್ಟೆಯ ಮೇಲಿನಿಂದಲೇ ಹೆಬ್ಬೆರಳಲ್ಲಿ ಸವರಿ, ತಮ್ಮದೇ ಹೌದೆಂದು ಗೊತ್ತುಮಾಡಿಕೊಂಡು, ಎಡಗಣ್ಣಿಗೆ, ಬಲಗಣ್ಣಿಗೆ, ಹಣೆಗೆ ಒತ್ತಿಕೊಂಡು ಹಾಗೇ ಇದ್ದುಬಿಟ್ಟರು, ಬಸ್ಸು ಒಂದು ಲಾರಿಯನ್ನು ದಾಟಿತು, ಪಲ್ಲವಿಗೆ ಅಳು ಒತ್ತರಿಸಿ ಬಂತು, ನಿನ್ನೆ ನೀವು ಬಗ್ಗಿದಾಗ ಅತ್ತೆ, ಸಂದಿನೊಳಗೆ, ನಾನು ನೋಡ್ದೆ ಹೊಲಿದ್ಬಿಟ್ಟೆ, ರಾತ್ರಿಯೆಲ್ಲ ಮೊಳೆಗೆ ನೇತುಹಾಕಿದ್ದೆ, ಅಲ್ಲಾಡ್ಬೇಡಿ ಅಂತ ಬೈದೆ ಬೇರೆ, ತಪ್ಪಾಯ್ತು ಅತ್ತೆ, ಭದ್ರಮ್ಮ ಕೈ ಇಳಿಸಿದಾಗ ಅವರ ಮುಖ ನೋಡಬೇಕಿತ್ತು, ಬೆಳಗಿನಿಂದ ಎಲ್ಲಿಗೋ ಹೋಗಿದ್ದವರು ವಾಪಸು ಬಂದ ಹಾಗೆ, ಎಲ್ಲಾ ಕಡೆ ಹುಡುಕಿದ್ವಲ್ಲೇ, ಇವನು ನೋಡು, ಮೆತ್ತಗೆ ಸ್ಪಂಜಿನ ಮೇಲೆ ಮಲಗವ್ನೆ, ಹೊದಿಯಕ್ಕೆ ನನ್ ಸೀರೇನೇ ಬೇಕಾಗಿತ್ತು ಇವನಿಗೆ, ಅಳಬೇಡ ಸುಮ್ನಿರು, ಹಿಡ್ಕೊಂಡಿದ್ದೋಳು ನಾನು, ಜಾರಿದೋನು ಅವನು, ಹೊಲಿದೋಳು ನೀನು, ತಪ್ಪು ಯಾರದು ಅಂತ ಮಾತಾಡ್ಕೊಂಡು ಕೂತ್ರೆ ಗುಬ್ಬಿ ಬಂದ್ಬುಡುತ್ತೆ, ಊರಿಗೆಲ್ಲ ದಾರ ಹೊಸೆದುಕೊಟ್ಟೆ, ನನ್ನ ಕೊರಳಿಂದು ಸವೆದಿದ್ರೂ ನಾಳೆ ನಾಡಿದ್ದು ಅಂದೆ, ಅದಕ್ಕೆ ಅವನಿಗೂ ಸಿಟ್ಟು ಬಂದಿರ್ಬೇಕು, ಹೋಗಿ ಬಚ್ಚಿಟ್ಕೊಂಡ, ಹಿಂದಿನ ಸೀಟಿನ ಹೆಂಗಸು ಕಥೆ ಪೂರ್ತಿ ಕೇಳಿ ಕೈಮುಗಿದಳು, ಅಷ್ಟು ಸಾಕಾಯಿತು, ನಿಮ್ದು ಯಾವೂರಮ್ಮ, ನಿಟ್ಟೂರಾ, ನಿಟ್ಟೂರಲ್ಲಿ ಯಾರ ಪೈಕಿ, ಭದ್ರಮ್ಮ ಶುರುಮಾಡಿದರು, ಆ ಪ್ರಶ್ನೆ ಕೇಳಿ ಪಲ್ಲವಿಗೆ ಇನ್ನೊಂದು ಸಲ ಅಳು ಬಂತು, ಇದು ಬೇರೆ ಅಳು.

ಷಡಕ್ಷರಿಗೆ ಫೋನು ಮಾಡಿದಳು, ಆ ಕಡೆ ಮಿಷಿನ್ನುಗಳ ಗದ್ದಲ, ಸಿಕ್ತು ರೀ, ಏನು, ಸಿಕ್ತು, ಅಮ್ಮಂದು, ಎಲ್ಲಿ, ಬ್ಯಾಗಲ್ಲಿ, ಒದರಿ ನೋಡಿದ್ಯಲ್ಲೇ, ಬ್ಯಾಗಿನೊಳಗಲ್ಲ ರೀ, ಬ್ಯಾಗಿನ ಹೊಟ್ಟೆಯೊಳಗೆ, ನಿಮ್ ಸ್ಪಂಜಿನ ಮೇಲೆ, ಹಂಗಾದ್ರೆ ನಾನು ಮೋರಿಗೆ ಕೈ ಹಾಕಿದ್ದು ದಂಡ, ಎಂದ, ಅವನ ನಗು ಒಡೆದು ಒಡೆದು ಬರುತ್ತಿತ್ತು, ಗಂಡಸರು ಹೀಗೆ ನಗುವುದು ಅಳು ನುಂಗುವಾಗಲೇ, ಅಮ್ಮಂಗೆ ಮೊದ್ಲು ಏನಾದ್ರೂ ತಿನ್ಸು ಅಂದ, ಪೂಜೆ ಆಗದೆ ತಿಂತಾರೇನ್ರಿ ಅಂದಳು, ಮಲ್ಲಸಂದ್ರ ದಾಟಿತು, ತೆಂಗಿನ ತೋಟದ ಸಂದಿನಲ್ಲಿ ರೈಲು ಹಳಿ ಬಿಸಿಲಿಗೆ ಹೊಳೆಯಿತು, ಗಾಳಿ ತಣ್ಣಗಿದೆ, ಬೆಳಗ್ಗೆಯೂ ಇದೇ ಗಾಳಿ ಇದ್ದಿರಬೇಕು, ಗೊತ್ತಾಗಿರಲಿಲ್ಲ, ತೊಡೆಯ ಮೇಲೆ ಬ್ಯಾಗು ಈಗ ನೆಟ್ಟಗೆ ಕೂತಿದೆ, ವಾಲುತ್ತಿಲ್ಲ, ಅಳತೆ ಸರಿಯಾಗಿಯೇ ಇತ್ತು, ಅಂದುಕೊಂಡು ಪಲ್ಲವಿ ಕದ್ದು ನಕ್ಕಳು, ದೀಪಿಕಾ ಏನಾದರೂ ಅಂದುಕೊಳ್ಳಲಿ, ಹೊಟ್ಟೆ ಬಿಚ್ಚಿಕೊಂಡ ಈ ಬ್ಯಾಗನ್ನೇ ಹಾಕಿಕೊಂಡು ಹೋಗುತ್ತೇನೆ, ಬೇಕಾದವರು ಉಗುರು ತಾಗಿಸಿ ನೋಡಲಿ, ಅತ್ತೆ, ಮಠಕ್ಕೆ ಏನು ಹೇಳೋಣ, ಭದ್ರಮ್ಮ ನಿಟ್ಟೂರಿನವರನ್ನು ಬಿಟ್ಟು ಈ ಕಡೆ ತಿರುಗಿದರು, ಬಂದಿದೀವಲ್ಲ, ಅಯ್ಯನವರ ಪಾದ ಮುಟ್ಟಿ ಹೋಗೋಣ, ಬೇರೆ ಲಿಂಗ ಬೇಡ, ಬೇರೆ ದಾರ ಸಾಕು ಅಂತ ಹೇಳ್ತೀನಿ.

ಗುಬ್ಬಿಯಲ್ಲಿ ಇಳಿದಾಗ ಅವರ ಕಾಲು ಒಮ್ಮೆ ತೊಡರಿತು, ಬೆಳಗಿನಿಂದ ಹೊಟ್ಟೆಗೇನಿಲ್ಲ, ಮುಷ್ಟಿ ಮಾತ್ರ ಎದೆಯಿಂದ ಇಳಿಯಲಿಲ್ಲ, ಮಠದವರೆಗೆ ನಡೆದು ಆಮೇಲೆ ಪೂಜೆ ಎಂದರೆ ಆಗುವ ಮಾತಲ್ಲ ಎಂದು ಪಲ್ಲವಿಯೇ ಗದರಿ ಅಲ್ಲೇ ಇದ್ದ ಒಂದು ದೇವಸ್ಥಾನದ ಹಿಂದಿನ ನಲ್ಲಿಯ ಹತ್ತಿರ ನೆರಳಿನ ಕಟ್ಟೆಗೆ ಕರೆದುಕೊಂಡು ಹೋದಳು, ಕೈಕಾಲು ತೊಳೆಸಿದಳು, ಮಠಕ್ಕೆಂದು ಕಟ್ಟಿಕೊಂಡು ಬಂದಿದ್ದ ವಿಭೂತಿ ಬ್ಯಾಗಿನಿಂದಲೇ ಬಂತು, ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ಕೇಳದೆಯೇ ಎರಡು ಬಿಳಿ ಹೂ ಕೊಟ್ಟಳು, ಭದ್ರಮ್ಮ ಪೂರ್ವಕ್ಕೆ ತಿರುಗಿ ಕೂತು, ಎಡಗೈ ಎದೆಯ ಮಟ್ಟಕ್ಕೆ ಹಿಡಿದು, ಗಂಟು ಬಿಚ್ಚಿ ಅಂಗೈ ಮೇಲೆ ಲಿಂಗವನ್ನಿಟ್ಟರು, ಕಪ್ಪಗೆ, ನುಣ್ಣಗೆ, ಏನೂ ಆಗದವನ ಹಾಗೆ ಕೂತಿತ್ತು ಅದು, ಪಲ್ಲವಿ ಬಾಟಲಿಯಿಂದ ಹನಿ ಹನಿ ನೀರು ಬಿಟ್ಟಳು, ಅಂಗೈಯಿಂದ ಸೋರಿದ ನೀರು ಮೊಣಕೈವರೆಗೆ ಇಳಿಯಿತು, ತುಟಿ ಅಲ್ಲಾಡುತ್ತಿತ್ತು, ಕಣ್ಣು ಅಂಗೈಯಲ್ಲೇ ಇತ್ತು, ಈ ಎಡಗೈ, ಇದೇ ಎಡಗೈ, ಒಂದು ದಿನ — ಬೇಡ, ಇವತ್ತು ಆ ಯೋಚನೆ ಬೇಡ, ಇವತ್ತು ಬಾಳೆಹಣ್ಣು, ಆಮೇಲೆ ಇಡ್ಲಿ, ಪೂಜೆ ಮುಗಿಯಿತು, ಮತ್ತೆ ಬಟ್ಟೆಯಲ್ಲಿಟ್ಟು ಗಂಟು ಹಾಕಿದರು, ಪಲ್ಲವಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡಿದ್ದ ಬಾಳೆಹಣ್ಣು ಸುಲಿದಳು, ಇರೇ, ಕಟ್ಕೊಳ್ದೆ ತಿನ್ನಕ್ಕಾಗುತ್ತಾ, ಹಳೇ ದಾರ ಎತ್ತಿ ಹಿಡಿದರು, ಅದು ಕೈಯಲ್ಲೇ ಇನ್ನೊಂದು ಕಡೆ ಬಿಟ್ಟುಕೊಂಡಿತು, ಇಬ್ಬರ ಕಣ್ಣೂ ಒಟ್ಟಿಗೆ ಬ್ಯಾಗಿನ ಎದೆಯ ಮೇಲಿನ ಕುಚ್ಚಿಗೆ ಹೋಯಿತು.

ಅದು ಬ್ಯಾಗಿಗೆ ಹಾಕಿದ್ದು ಅತ್ತೆ, ಎಂದಳು ಪಲ್ಲವಿ, ಹತ್ತಿ ನೂಲು ತಾನೆ, ಹ್ಞೂ, ಹೊಸೆದೋಳು ನೀನು ತಾನೆ, ಹ್ಞೂ, ಹೇಳಿಕೊಟ್ಟೋಳು ನಾನು ತಾನೆ, ಮತ್ತಿನ್ನೇನು, ಬಿಚ್ಚು, ಪಲ್ಲವಿ ಪಿನ್ನಿನ ತುದಿಯಿಂದ ಗಂಟು ಸಡಿಲಿಸಿ ಸುತ್ತು ಸುತ್ತು ಬಿಚ್ಚಿದಳು, ಕುಚ್ಚು ಹೋಗಿ ಉದ್ದದ ದಾರವಾಯಿತು, ಬ್ಯಾಗಿನ ಎದೆ ಬರಿದಾಯಿತು, ನಲ್ಲಿಯ ಕೆಳಗೆ ಹಿಡಿದು ದಾರವನ್ನು ತೊಳೆದಳು, ಹಿಂಡಿದಳು, ಎರಡು ಕಡೆಯಿಂದ ಜಗ್ಗಿ ನೋಡಿದಳು, ಇನ್ನೊಮ್ಮೆ ಜಗ್ಗಿದಳು, ಗಟ್ಟಿಯಿದೆ, ಭದ್ರಮ್ಮ ಗಂಟನ್ನು ಅದಕ್ಕೆ ಪೋಣಿಸಿ ಎದೆಗೆ ಹಿಡಿದುಕೊಂಡು, ಕಟ್ಟು ಅಂದರು, ನರೆತ ಜಡೆಯನ್ನು ತಾವೇ ಮುಂದಕ್ಕೆ ತೆಗೆದುಕೊಂಡು ತಲೆ ಬಗ್ಗಿಸಿದರು, ಈ ಸಲ ಸೆರಗು ಮುಚ್ಚಿಕೊಳ್ಳಲಿಲ್ಲ, ಪಲ್ಲವಿ ಹಿಂದೆ ನಿಂತಳು, ದೇವಸ್ಥಾನದ ಗಂಟೆ, ಹೂವಿನವಳ ಮಾತು, ರಸ್ತೆಯ ಹಾರ್ನು ಎಲ್ಲ ದೂರಕ್ಕೆ ಹೋದವು, ಕಣ್ಣ ಮುಂದೆ ಗೆರೆ, ಬೆಳಗಿನಿಂದ ಎಲ್ಲಿ ನೋಡಿದರೂ ಕಂಡ ಗೆರೆ, ಇಷ್ಟು ಹತ್ತಿರದಿಂದ ಅದು ಬಿಳುಪೂ ಅಲ್ಲ, ಎಳೆ ಮಗುವಿನ ಮೈ ಬಣ್ಣ, ಎಲ್ಲ ಸುಕ್ಕಾದ ಕೊರಳಲ್ಲಿ ಅಷ್ಟು ಮಾತ್ರ ಚಿಕ್ಕ ಹುಡುಗಿಯ ಕೊರಳು, ಒದ್ದೆ ದಾರವನ್ನು ಅದರ ಮೇಲೆ ಇಟ್ಟಳು, ತಣ್ಣಗಾಯಿತೋ ಏನೋ ಭದ್ರಮ್ಮ ಒಮ್ಮೆ ನಡುಗಿದರು, ಅಲ್ಲಾಡ್ಬೇಡಿ ಅತ್ತೆ, ಇಲ್ಲ ಕಣೇ, ಒಂದು ಗಂಟು, ಅದರ ಮೇಲೆ ಇನ್ನೊಂದು, ದಾರ ಗೆರೆಯ ಮೇಲೆ ಕೂತಿತು, ಗೆರೆಗಿಂತ ದಾರ ಒಂದಿಷ್ಟು ಸಣ್ಣ, ಮೇಲೆ ಕೂದಲೆಳೆಯಷ್ಟು, ಕೆಳಗೆ ಕೂದಲೆಳೆಯಷ್ಟು ಇನ್ನೂ ಕಾಣುತ್ತದೆ, ಆಯ್ತೇನೇ, ಹಣ್ಣು ಕೊಡು, ಹಸಿವಾಗ್ತಿದೆ, ಪಲ್ಲವಿ ಕೊಡಬೇಕು, ಸುಲಿದ ಹಣ್ಣು ಕಟ್ಟೆಯ ಮೇಲೇ ಇದೆ, ಕೊಡುತ್ತಾಳೆ, ಬೆರಳು ಗಂಟಿನ ಮೇಲಿಂದ ಏಳುತ್ತಿಲ್ಲ, ಗೆರೆ, ಗೆರೆಯ ಮೇಲೆ ದಾರ.